ನಲವತ್ತು ದಾಟಬಾರದು

ಹರಾಜಿನಲ್ಲಿ ಹಿಡಿದ ಗಾಡಿ.
ಎರಡು ಕೋಟು ಬದನೆ ಬಣ್ಣ ಬಳಿದರೂ
ಬಿಸಿಲು ಓರೆಯಾದರೆ ಸಾಕು,
ಮುಂದಿನ ಗಾಡಿಯವರು ಕನ್ನಡಿಯಲ್ಲಿ ಓದಲೆಂದು
ತಿರುಗಾಮುರುಗಾ ಬರೆದ ಆ ಕೆಂಪು ಅಕ್ಷರ
ಒಳಗಿಂದ ಎದ್ದು ಬರುತ್ತದೆ.
ಓಬಳೇಶ ಹತ್ತೊಂಬತ್ತು ವರ್ಷ ಓಡಿಸಿದ್ದು ಇದನ್ನೇ,
ಇಲ್ಲವೇ ಇದರ ಅಣ್ಣತಮ್ಮಂದಿರನ್ನ:
ಜಗಳೂರಿಂದ ದಾವಣಗೆರೆಗೆ
ನಡುರಾತ್ರಿ, ಎಂಬತ್ತು, ತೊಂಬತ್ತು.

ಸ್ಟ್ರೆಚರ್ ಇದ್ದಲ್ಲಿ ಈಗ ಹತ್ತಿ ಹಾಸಿಗೆ.
ಆಕ್ಸಿಜನ್ ನಿಂತಿದ್ದ ಗೂಡಲ್ಲಿ
ಪುಟ್ಟ ಗ್ಯಾಸು, ಅವಲಕ್ಕಿ ಡಬ್ಬಿ,
ಮೂರು ದಿನಕ್ಕಾಗುವಷ್ಟು ಮಂಡಕ್ಕಿ.
ಮದುವೆಯಾಗಿ ಎಂಟು ತಿಂಗಳು,
ಇಬ್ಬರಿಗೂ ಐವತ್ತರ ಮೇಲೆ.
ನಾನು ಹಾಕಿದ್ದು ಒಂದೇ ಷರತ್ತು:
ವಯಸ್ಸಂತೂ ಕೇಳದೆ ದಾಟಿತು,
ಮುಳ್ಳಾದರೂ ನಲವತ್ತು ದಾಟಬಾರದು.

ಯುಗಾದಿ ಕಳೆದು ನಾಲ್ಕನೇ ದಿನ.
ಬೇವು ಹೂ ಉದುರಿಸಿ ರಸ್ತೆಗೆ ರವೆ ಚೆಲ್ಲಿತ್ತು.
ಎಲೆಯೇ ಇಲ್ಲದ ಮುತ್ತುಗ
ಉರಿಯುತ್ತಾ ನಿಂತಿತ್ತು, ಹೊಗೆಯಿಲ್ಲದೆ.
ಎದುರು ಬಂದ ಬೈಕು, ಎತ್ತು, ಹುಲ್ಲಿನ ಟ್ರ್ಯಾಕ್ಟರು
ಗಾಡಿಯ ಆಕಾರ ಕಂಡೇ ಪಕ್ಕಕ್ಕೆ ಸರಿದವು.
ಕುರಿ ಹಿಂಡು ಬದುವಿಗಿಳಿಸಿದ ಮುದುಕ
ರುಮಾಲು ತೆಗೆದು ಕಂಕುಳಲ್ಲಿಟ್ಟು,
ಮೆಲ್ಲಗೆ ಕೇಳಿದ:
“ಇಷ್ಟು ನಿಧಾನ ಹೊಂಟೀರಲ್ಲ,
ಒಳಗಿದ್ದೋರು ಹೋದ್ರಾ?”
“ಇಲ್ಲಜ್ಜ, ಈಗ ಬಂದ್ವಿ” ಅಂದೆ.
ಅಲ್ಲಿಂದ ಒಂದು ಮೈಲಿ ಓಬಳೇಶ
ನಗುವುದೋ ಬೇಡವೋ ಅಂತ ಯೋಚಿಸಿ
ಆಮೇಲೆ ನಕ್ಕ.

ರಂಗಯ್ಯನದುರ್ಗದ ಕಾಡಲ್ಲಿ ಕೊಂಡುಕುರಿ ಕಾಣಲಿಲ್ಲ.
ಜಾಲಿ, ಕಾರೆ, ಕಮರ, ಕಾದ ಬಂಡೆ.
ಗಾರ್ಡು ಹಿಕ್ಕೆಯ ಗುಡ್ಡೆ ತೋರಿಸಿದ:
ದಿನಾ ಇದೇ ಜಾಗಕ್ಕೇ ಬರುತ್ತಂತೆ,
ನಾವಿದ್ದರೆ ಮಾತ್ರ ಬರುವುದಿಲ್ಲವಂತೆ.
ನಾಲ್ಕು ಕೊಂಬಿದ್ದೂ ಇಷ್ಟು ಪುಕ್ಕಲೇ, ಅಂದೆ.
ಪುಕ್ಕಲಲ್ಲಮ್ಮ, ಒಂಟಿ, ಅಂದ.
ಅಷ್ಟು ವರ್ಷ ಒಂದೇ ತಟ್ಟೆ ತೊಳೆದಿಟ್ಟವಳು ನಾನು.
ಮತ್ತೇನೂ ಕೇಳಲಿಲ್ಲ.

ಜೋಗಿಮಟ್ಟಿಯ ಗೇಟು ಸಂಜೆಗೇ ಮುಚ್ಚಿತು.
ಕೆಳಗೆ, ಹೊಂಗೆಯಡಿ, ಬಾಗಿಲು ತೆರೆದಿಟ್ಟು ಮಲಗಿದೆವು.
ಹಗಲೆಲ್ಲ ಕಾದ ಗುಡ್ಡ
ಒಲೆ ಆರಿಸಿದ ಹಂಚಿನ ಹಾಗೆ
ಬಿಸಿ ಬಿಡುತ್ತಲೇ ಇತ್ತು.
ಎರಡು ಗಂಟೆಯಿರಬೇಕು. ಎದ್ದು ಕೂತಿದ್ದಾನೆ.
ಬೆಟ್ಟದ ಸಾಲಿನ ಮೇಲೆ ಗಾಳಿಯಂತ್ರಗಳ ದೀಪ,
ಕೆಂಪು, ಕತ್ತಲೆ, ಕೆಂಪು, ಕತ್ತಲೆ.
ಅವನ ಕೈ ತಲೆದಿಂಬಿನ ಪಕ್ಕ
ಇಲ್ಲದ ಸ್ವಿಚ್ಚು ಹುಡುಕುತ್ತಿತ್ತು.
“ಯಾರೂ ಫೋನ್ ಮಾಡಿಲ್ಲ, ಮಲಗು.”
“ಒಂದು ಹುಡುಗಿ, ಸಾವಂತ್ರಿ. ಅಸಗೋಡಿನ ತಿರುವು.
ಇನ್ನು ಐದೇ ನಿಮಿಷ ಇತ್ತು.”
ಅಷ್ಟೇ ಹೇಳಿದ.
ಈ ಚಾವಣಿಯನ್ನೇ ನೋಡುತ್ತಾ
ಎಷ್ಟು ಜನ ಮಲಗಿದ್ದರೋ ಇಲ್ಲಿ.
ಲೆಕ್ಕ ಹಾಕಹೊರಟು ಬಿಟ್ಟುಬಿಟ್ಟೆ.
ಅವನ ಕೈ ನನ್ನ ಹೊಟ್ಟೆಯ ಮೇಲಿಟ್ಟುಕೊಂಡೆ,
ಭಾರವಾಗಿತ್ತು, ಬೆವರಿತ್ತು.
ನವಿಲೊಂದು ಹೊತ್ತಲ್ಲದ ಹೊತ್ತಲ್ಲಿ ಕಿರುಚಿತು.

ಬೆಳಿಗ್ಗೆ ಚಹಕ್ಕೆ ಸಕ್ಕರೆ ಮರೆತದ್ದು ಯಾರು ಅಂತ
ಜಗಳ, ಅರ್ಧ ಗಂಟೆ.
ಸಲೈನ್ ಬಾಟಲಿ ತೂಗುತ್ತಿದ್ದ ಕೊಕ್ಕೆ
ಖಾಲಿ ಇತ್ತಲ್ಲ,
ತಂಗಡಿ ಹೂವಿನ ಗೊಂಚಲು ಸಿಕ್ಕಿಸಿದೆ.
ತಿರುವಿಗೊಮ್ಮೆ ಹಳದಿ ಉದುರಿತು,
ಹಾಸಿಗೆಗೆ, ಅವಲಕ್ಕಿಗೆ.

ಮಾರಿಕಣಿವೆಯಲ್ಲಿ ನೀರು ಕಂಡೆವು.
ಸುತ್ತ ಬೋಳು ಗುಡ್ಡ, ನಡುವೆ ಅಷ್ಟೊಂದು ನೀಲಿ,
ಯಾರೋ ಮರೆತು ಬಿಟ್ಟುಹೋದ ಹಾಗೆ.
ಅವನು ಪ್ಯಾಂಟು ಮಡಚಿ ಮೊಣಕಾಲುದ್ದ ಇಳಿದ,
ನಾನು ಚಪ್ಪಲಿ ಕಾದೆ.
ಮಾತು ಹೆಚ್ಚು ಆಡಲಿಲ್ಲ.

ವಾಪಸು ಬರುವಾಗ, ಐಮಂಗಲದ ಹತ್ತಿರ,
ರಸ್ತೆ ನೆಟ್ಟಗೆ, ಕಿಟಕಿ ತೆರೆದು,
ನನ್ನ ಕೂದಲೆಲ್ಲ ಅವನ ಮುಖಕ್ಕೆ.
ಮುಳ್ಳು ನಲವತ್ತೈದಕ್ಕೆ ಹೋಯಿತು. ಐವತ್ತು.
ನೋಡಿದೆ.
ಮಂಡಕ್ಕಿ ಇನ್ನೂ ಒಂದು ಹಿಡಿ ಉಳಿದಿತ್ತು,
ಅವನ ಬಾಯಿಗಿಟ್ಟೆ.