ಇತರೆ

ನನ್ನ ಚೀಲದಾಗ ಒಂಬತ್ತು ರಜಿಸ್ಟರ್.
ಬಸರಿಯರದೊಂದು, ಬಾಣಂತ್ಯಾರದೊಂದು,
ಸೊಳ್ಳಿದೊಂದು, ಕ್ಷಯದ್ದೊಂದು,
ಸಕ್ಕರಿ, ಬಿ.ಪಿ. ಎರಡೂ ಸೇರಿ ಒಂದು,
ಹೊಸಾದು, ಇನ್ನೂ ಅಂಟಿನ ವಾಸನಿ ಹೋಗಿಲ್ಲ.
ಕ್ಷಯಕ್ಕ ಒಂದು ಹೆಸರು ಬರದ್ರ
ನನ್ನ ಖಾತೆಗೂ ಒಂದಿಷ್ಟು ರೊಕ್ಕ ಬೀಳತೈತಿ,
ಸುಳ್ಳ್ಯಾಕ ಹೇಳಲಿ.

ಯಂಕಪ್ಪ ಬಂಡಿವಡ್ಡರ, ವಯಸ್ಸು ನಲವತ್ತೊಂದು.
ಇಳಕಲ್ಲಿನ ಕಲ್ಲಿನಾಗ ಹತ್ತೊಂಬತ್ತು ವರ್ಷ,
ಮೊದಲು ಕ್ವಾರಿ, ಆಮ್ಯಾಲ ಕಟಿಂಗ್, ಆಮ್ಯಾಲ ಪಾಲಿಶ್.
ಸಂಜಿಗೆ ಮನಿಗೆ ಬಂದ್ರ
ಹುಬ್ಬು, ರೆಪ್ಪಿ, ಕಿವಿಯಾಗಿನ ಕೂದಲು
ಎಲ್ಲಾ ಗುಲಾಬಿ.
"ಅಪ್ಪ ಬಣ್ಣ ಆಡಿ ಬಂದಾನ" ಅಂತ ಮಗಳು ಕುಣೀತಿದ್ಳಂತ.
ಬಾಗಲಕೋಟಿ ಮಂದಿಗೆ ಹೋಳಿ ಮೂರು ದಿನ,
ಇವಂಗ ವರ್ಷಪೂರ್ತಿ.

ಈಗ ಹೊರಸಿನ ಮ್ಯಾಲ ಕುಂತಾನ.
ಮಲಗಿದ್ರ ಉಸುರು ಹತ್ತೂದಿಲ್ಲ, ಅದಕ್ಕ ರಾತ್ರಿನೂ ಕುಂತಾನ.
ಎಳಿ ಹರದ ಮಗ್ಗದಂಗ
ಮಾತಿನ ನಡುವ ನಿಲ್ಲತಾನ.
ಬಾಜೂ ಮನ್ಯಾಗ ಖರೇ ಮಗ್ಗ ಬಡಕೋತನ ಇರತೈತಿ,
ಅದು ಇವನ ಸಲುವಾಗಿ ನಿಲ್ಲೂದಿಲ್ಲ.

ಕಫಾ ಮೂರು ಸಲ ಕಳಿಸೀನಿ.
ಮೂರೂ ಸಲ ನೆಗೆಟಿವ್.
ಆದ್ರೂ ಆರು ತಿಂಗಳ ಗುಳಿಗಿ ನುಂಗಿಸೀವಿ,
ಗುಳಿಗಿ ಇದ್ದದ್ದು ಆ ರೋಗಕ್ಕ, ಅದಕ್ಕ.
ಮೂತ್ರ ಕೆಂಪಾತು, ಎದಿ ಹಂಗ ಉಳೀತು.

ಹೊಸಾದಾಗಿ ಬಂದ ಡಾಕ್ಟರ್ ಹುಡುಗಿ
ಎಕ್ಸರೇ ಕಿಟಕಿಗೆ ಹಿಡದು ಬಾಳೊತ್ತು ನೋಡಿದ್ಳು.
ಕರೇ ಕಂಬಳಿ ಮ್ಯಾಲ ಜ್ವಾಳ ಚೆಲ್ಲಿದಂಗ ಇತ್ತು.
"ಇದು ಕ್ಷಯ ಅಲ್ಲಕ್ಕಾ. ಕಲ್ಲು."
"ಮದ್ದು?" ಅಂದೆ.
ಫಿಲ್ಮ್ ಕವರಿನಾಗ ತುರುಕಾಕ ಹತ್ತಿದ್ಳು, ಅದು ಹೋಗವಲ್ದು.
"ಹುಡುಕವರು ಬೇಕಲ್ಲ. ಹುಡುಕಾಕ ರೊಕ್ಕ ಬೇಕು.
ರೊಕ್ಕ ಇದ್ದವರ ಮೂಗಿಗೆ ಈ ಧೂಳು ಬಡದಿಲ್ಲ."
ಅಂದು, ಅಂದದ್ದಕ್ಕ ತಾನ ಹೆದರಿ ಬಾಗಲಾ ನೋಡಿದ್ಳು.

"ರಜಿಸ್ಟರಿನಾಗ ಏನಂತ ಬರೀಲಿ?"
"ಕಾಲಂ ಇಲ್ಲ. ಇತರೆ ಅಂತ ಬರೀರಿ."

ಇತರೆ.
ಕಣ್ಣಿಗೆ ಸುಣ್ಣ ಬಿದ್ದ ಹುಡುಗನ ಕೆಳಗ,
ಬಿಕ್ಕಳಿಕಿ ನಿಲ್ಲದ ಮುದುಕಿಯ ಮ್ಯಾಲ
ಯಂಕಪ್ಪ.

ಅಕ್ಟೋಬರಿನಾಗ ನಮ್ಮನ್ನೆಲ್ಲ ಬಸ್ಸಿನಾಗ ನವನಗರಕ್ಕ ಒಯ್ದ್ರು.
ಗುಲಾಬಿ ಟೋಪಿ, ಗುಲಾಬಿ ರಿಬ್ಬನ್, ಗುಲಾಬಿ ಬ್ಯಾನರು,
ದೊಡ್ಡ ದವಾಖಾನಿ ಮಟ ನಡಿಗಿ,
ಫೋಟೋ, ಉಪ್ಪಿಟ್ಟು.
ಹೊಟ್ಟಿಕಿಚ್ಚಲ್ಲ. ನನ್ನಕ್ಕ ಸುಲೋಚನಾ
ಎದಿಯಾಗಿನ ಗಂಟು ಸೆರಗಿಲೆ ಮುಚ್ಚಿಕೊಂಡು ಸತ್ತಾಕಿ.
ಇಂಥಾ ನಡಿಗಿ ಹನ್ನೆರಡು ವರ್ಷ ಮೊದಲ ಬಂದಿದ್ರ
ಉಪ್ಪಿಟ್ಟಿಗೆ ಉಪ್ಪಿಲ್ಲ ಅಂತ ಇವತ್ತು ನನ್ನ ಮಗ್ಗಲಾಗ ಕುಂತು ಬೈತಿದ್ಳು.
ಅದಕ್ಕ ಎಲ್ಲಾರಿಗಿಂತ ಮುಂದ ನಿಂತು ಕೂಗೀನಿ.
ಕೂಗೂವಾಗ ಒಂದ ಒಂದು ಮಾತು ಗಂಟಲಿಗೆ ಅಡ್ಡ ಬಂತು:
ಇದ ಬಣ್ಣ ಯಂಕಪ್ಪನ ವಸ್ತ್ರದಾಗೂ ಐತಿ,
ಅದನ್ನ ಹಿಡಕೊಂಡು ಯಾರು ನಡೀಬೇಕು?

ಮರುದಿನ ಹೋದಾಗ ಅಂವ ಕೇಳಿದ್ದು ಬ್ಯಾರೆ.
"ಆ ದವಾಖಾನಿ ಮೆಟ್ಟಿಲು... ನಾವ... ಕಳಿಸಿದ್ದು.
ಪಾಲಿಶ್... ಹೆಂಗ ಐತಿ?"
"ಮಾರಿ ಕಾಣತೈತೋ ಯಂಕಪ್ಪ."
ನಕ್ಕ. ನಗುವು ಕೆಮ್ಮಾತು.
ಹುಲಿಗೆವ್ವ ತಂಬಿಗಿ ಹಿಡಕೊಂಡು ಓಡಿ ಬಂದ್ಳು.

ನಮ್ಮ ಓಣ್ಯಾಗ ಇಂಥವರು ಹದಿನೇಳು ಮಂದಿ.
ಯಾರೂ ಲೆಕ್ಕಾ ಕೇಳಿಲ್ಲ.
ಅಡಿಗಿಮನಿ ಗ್ವಾಡಿಗೆ, ಹಾಲಿನ ಗೀಟಿನ ಬಾಜೂಕ
ಇದ್ದಲಿಲೆ ಹದಿನೇಳು ಗೀಟು ಹಾಕಿಟ್ಟೀನಿ.

ತಿಂಗಳ ಕೊನಿಗೆ ಹಾಲಿನ ಪಾರಮ್ಮ ಬಂದು
ಎರಡೂ ಕೂಡಿಸಿ ರೊಕ್ಕ ಕೇಳಿದ್ಳು.