ತೆಳು ಹೊಗೆ

ಬೆಳಗಿನ ನಾಲ್ಕು. ದೇವಸೂಗೂರಿನ ನಾಯಿಗಳೂ ಮಲಗಿವೆ.
ಡ್ರಮ್ಮಿನ ಬಾಯಿಗೆ ಎರಡು ತುಂಡು ಬಳ್ಳಾರಿ ಜಾಲಿ ಇಡುತ್ತೇನೆ.
ಹೆಸರಿಗೆ ಬಳ್ಳಾರಿ; ಹುಟ್ಟಿದ್ದು ಯಾವ ಸಮುದ್ರದಾಚೆಯೋ.
ಹೊಲದವರೆಲ್ಲ ಶಪಿಸುವ ಮುಳ್ಳು,
ಕೆಂಡಕ್ಕೆ ಮಾತ್ರ ಅದರಷ್ಟು ನಂಬಿಗಸ್ತ ಬೇರೆ ಇಲ್ಲ.

ಡ್ರಮ್ಮು ಒಂದು ಕಾಲಕ್ಕೆ ಗ್ರೀಸಿನದು.
ಮೂರು ದಿನ ಬೆಂಕಿ ಹಾಕಿ ಸುಟ್ಟು, ತಿಕ್ಕಿ ತೊಳೆದು,
ಬಾಗಿಲು ಕೊರೆದು, ಜಾಲರಿ ಕೂರಿಸಿ, ಕೊಳವೆ ಬೆಸೆದವನು
ವೆಲ್ಡರ್ ಮುದುಕಪ್ಪ. ವಯಸ್ಸು ಇಪ್ಪತ್ತಾರು.
ಕೂಲಿ ಕೇಳಲಿಲ್ಲ. "ಒಂದು ತುಂಡು ಕಳಸು ಮಾಮ" ಅಂದ, ಅಷ್ಟೆ.

ನಿನ್ನೆ ಚಾಂದಪಾಷಾನ ಅಂಗಡಿಯಲ್ಲಿ
ಮುದಿ ಎಮ್ಮೆಯ ಎದೆ ಕೇಳಿದಾಗ ಅವನು ಕತ್ತಿ ಕೆಳಗಿಟ್ಟ.
"ಯಾಕ್ರೀ ಅದು, ಬರೇ ನಾರು.
ತೊಡಿ ಕೊಡ್ತೀನಿ, ಕುಕ್ಕರಿನ್ಯಾಗ ನಾಕು ಸೀಟಿ ಸಾಕು."
ಸೀಟಿಯ ಕೆಲಸವಲ್ಲ ಪಾಷಾ ಇದು.
ಹದಿನಾಲ್ಕು ವರ್ಷ ನಡೆದ ಎದೆ,
ಮೈಯ ಭಾರವನ್ನೆಲ್ಲ ಹೊತ್ತದ್ದು.
ಒಂದು ಹಗಲನ್ನಾದರೂ ಅದಕ್ಕೆ ಕೊಡಬೇಡವೆ?

ಉಪ್ಪು, ಕುಟ್ಟಿದ ಕರಿಮೆಣಸು, ಚಿಟಿಕೆ ಗುಂಟೂರು ಖಾರ.
ಕೊಬ್ಬು ಮೇಲಾಗಿ ಮಲಗಿಸಿ ಬಾಗಿಲು ಹಾಕುತ್ತೇನೆ.

ಮೂವತ್ತೊಂದು ವರ್ಷ ಬಾಯ್ಲರಿನ ಮುಂದೆ ನಿಂತವನು ನಾನು,
ಎದುರಿಗೆ ಕಾಣುತ್ತದಲ್ಲ, ಆ ಚಿಮಣಿಯ ಬುಡದಲ್ಲಿ.
ವ್ಯಾಗನ್ನುಗಟ್ಟಲೆ ಕಲ್ಲಿದ್ದಲು ಉರಿಸಿದ್ದೇನೆ
ಯಾರ್ಯಾರದೋ ಊರಿನ ದೀಪಕ್ಕೆ.
ಒಂದು ವಿದ್ಯೆ ಮಾತ್ರ ಮನೆಗೆ ತಂದೆ:
ಬೆಳ್ಳಗೆ ದಟ್ಟವಾಗಿ ಬಂದರೆ ಬೆಂಕಿಗೆ ಉಸಿರು ಸಾಲದು;
ತೆಳ್ಳಗೆ, ನೀಲಿಯಾಗಿ, ಇದೆಯೋ ಇಲ್ಲವೋ ಎಂಬಂತೆ ಬಂದರೆ
ಕೈ ಕಟ್ಟಿ ಕುಂತಿರು.

ಅವ್ವ ಇಷ್ಟೆಲ್ಲ ಮಾಡಲಿಲ್ಲ.
ಖಂಡದ ಎಳೆ ಹಗ್ಗಕ್ಕೆ ಪೋಣಿಸಿ ಒಲೆಯ ಮೇಲೆ ಕಟ್ಟುತ್ತಿದ್ದಳು,
ಉಳಿದದ್ದು ಹೊಗೆಯ ಜವಾಬ್ದಾರಿ.
ಸಾಲೆಯಲ್ಲಿ ನನ್ನ ಅಂಗಿಯ ವಾಸನೆ ಹಿಡಿದು
ಮಾಸ್ತರು ಕಿಟಕಿಯ ಪಕ್ಕ ಕೂರಿಸಿದರು, ಒಬ್ಬನನ್ನೇ.
ಆ ಕಿಟಕಿಯಿಂದಲೇ ಮೊದಲ ಸಲ ಕಂಡದ್ದು
ಈ ಚಿಮಣಿ, ಇನ್ನೂ ಅರ್ಧ ಎತ್ತರದಲ್ಲಿ.

ಹನ್ನೊಂದಕ್ಕೆ ಅರವತ್ತೆಂಟು ಡಿಗ್ರಿ. ಹನ್ನೆರಡಕ್ಕೂ ಅರವತ್ತೆಂಟು.
ಒಂದೂವರೆಗೂ ಮುಳ್ಳು ಕದಲಲಿಲ್ಲ.
ಉರಿ ಏರಿಸಲೆ? ಕೈ ಜಾಲಿಯ ಕಡೆ ಹೋಯಿತು.
ಹುಸೇನಮ್ಮ ಬಾಗಿಲಿಂದ ಇಣುಕಿ,
"ಬೆವರಾಕತ್ತೈತಿ, ಬಿಡು. ರಾಯಚೂರ ಬಿಸಿಲು
ಸತ್ತ ಎಮ್ಮಿಗೂ ಬಿಟ್ಟಿಲ್ಲ" ಅಂದಳು.
ನಿಜ. ಬೆವರು ಆರುವ ತನಕ ಮೈ ಕಾಯುವುದಿಲ್ಲ.
ಮುತ್ತಲದೆಲೆ ನೆನೆಸಿ ಸುತ್ತಿ ಮತ್ತೆ ಒಳಗಿಟ್ಟೆ.
ಕುಂತೆ. ಹಾರುಬೂದಿ ಬಂದು ಚಹಾದ ಮೇಲೆ ಇಳಿಯಿತು,
ಬೆರಳಿಂದ ಸರಿಸಿ ಕುಡಿದೆ.

ಮಗ್ಗುಲ ಮನೆಯ ಕಿಟಕಿ ಎರಡು ಸಲ ತೆರೆಯಿತು.
ಒಂದು ಸಲ ಮುಚ್ಚಿತು.

ಸಂಜೆ ಆರೂವರೆಗೆ ಹೊರತೆಗೆದಾಗ ಇದ್ದಲಿನಷ್ಟು ಕಪ್ಪು.
ಚೂರಿ ಇಟ್ಟೆ, ಒತ್ತಬೇಕಾಗಲಿಲ್ಲ.
ಅಂಚಿಗುಂಟ ಉಗುರಗಲದ ತೆಳುಗೆಂಪು ಗೆರೆ,
ಹೊಗೆ ನಡೆದು ಹೋದ ದಾರಿ.
ಅಷ್ಟರಲ್ಲಿ ಕರೆಂಟು ಹೋಯಿತು, ಚಿಮಣಿಯ ನೆರಳಲ್ಲೇ.
ನಗು ಬಂತು. ಡ್ರಮ್ಮಿನ ಬಾಗಿಲು ತೆರೆದಿಟ್ಟು
ಕೆಂಡದ ಬೆಳಕಿಗೆ ತಟ್ಟೆ ಹಿಡಿದು ಜೋಳದ ರೊಟ್ಟಿ ಮುರಿದೆವು.

ಮುದುಕಪ್ಪನ ಪಾಲು ಡಬ್ಬಿಗೆ.
ಪಾಷಾನದು ಎಲೆಗೆ, ನಾರು ಎಲ್ಲಿ ಹೋಯಿತೆಂದು ಅವನೇ ಹುಡುಕಲಿ.
ಇನ್ನೊಂದು ಪಾಲನ್ನು ಹುಸೇನಮ್ಮ
ಬಟ್ಟಲಲ್ಲಿ ಮುಚ್ಚಿ ಕಾಂಪೌಂಡಿನ ಗೋಡೆಯ ಮೇಲಿಟ್ಟಳು.
ಯಾರಿಗೆ ಅಂತ ನಾನು ಕೇಳಲಿಲ್ಲ.
ಬೆರಳು ನೆಕ್ಕಿ, ಬಹಳ ಹೊತ್ತು ಯೋಚಿಸಿ, ಅವಳು ಹೇಳಿದ್ದಿಷ್ಟೆ:
"ಉಪ್ಪು ಒಂಚೂರು ಕಡಿಮಿ ಆಗೈತಿ."