ಹಲಗೆಯ ಸಂದಿ

ಹಿಲ್ಲರ್ಸ್‌ರೋಡೆ ಮಠದ ಹಾಡುಸಾಲೆಯಲ್ಲಿ
ಹಲಗೆ ಎಬ್ಬಿಸುವ ಕೆಲಸ ಬಡಗಿ ಹಿನ್ನರ್ಕನದು;
ಕೆಳಗಿನ ದೂಳು ನನ್ನದು.
ಐನೂರು ವರ್ಷದ ದೂಳು.
ಮಂಡಿಯೂರಿ ಜರಡಿ ಹಿಡಿಯುತ್ತೇನೆ,
ಜಪಕ್ಕಲ್ಲ, ಸಂಬಳಕ್ಕೆ.

ಗುಂಡುಸೂಜಿ ನೂರಾ ಹನ್ನೆರಡು.
ಪ್ಲಮ್ ಹಣ್ಣಿನ ಬೀಜ ಏಳು,
ಪ್ರಾರ್ಥನೆಯ ನಡುವೆ ಯಾರೋ ಕದ್ದು ಚೀಪಿದ್ದು.
ಇಲಿಯ ಹಲ್ಲು, ಹಸಿರು ದಾರ, ಒಡೆದ ಮಣಿ.
ಮೂರನೆಯ ಸಾಲು, ಗೋಡೆಯ ಕಡೆಯ ಆಸನದಡಿ
ಚಳಿಗೆ ಮುದುಡಿದ ಜೀರುಂಡೆಯಂತೆ
ಒಂದು ಕನ್ನಡಕ.

ಕಾಲಿಲ್ಲ ಅದಕ್ಕೆ.
ಕಿವಿ ಹಿಡಿದು ಕೂರುವ ಬುದ್ಧಿ ಕನ್ನಡಕಕ್ಕೆ ಬಂದದ್ದು
ಎಷ್ಟೋ ತಲೆಮಾರು ಕಳೆದ ಮೇಲೆ.
ಎರಡು ಮರದ ಬಳೆ, ನಡುವೆ ಒಂದು ಮೊಳೆ;
ಕತ್ತರಿಯಂತೆ ಅಗಲಿಸಿ ಮೂಗಿಗೆ ಕಚ್ಚಿಸಿ
ಉಸಿರು ಬಿಗಿಹಿಡಿದು ಓದಬೇಕು.
ಸೀನಿದರೆ ಹೋಯಿತು.

ಸೀನಿದಳೇ?

ಉಗ್ರಾಣದ ಲೆಕ್ಕ ತೆಗೆಸಿ ನೋಡಿದೆ. ಕೊಕ್ಕರೆಗಾಲಿನ ಅಕ್ಷರ:
‘ಆಲ್ಹೈಡಳ ಕಣ್ಣಿಗೆ ಗಾಜು,
ಲ್ಯೂಬೆಕ್ಕಿನ ವ್ಯಾಪಾರಿಯಿಂದ; ಬದಲಿಗೆ ಬೆಣ್ಣೆ, ಒಂದು ಗಡಿಗೆ.’
ಪಕ್ಕದಲ್ಲೇ, ಬೇರೆ ಮಸಿಯಲ್ಲಿ: ‘ಬೆಣ್ಣೆ ಹೆಚ್ಚಾಯಿತು.’
ಮೂರು ಹಾಳೆ ದಾಟಿದರೆ:
‘ಆಲ್ಹೈಡಳಿಗೆ ಇನ್ನು ಸೂಜಿ ಬೇಡ. ಬಟಾಣಿ ಸುಲಿಯಲಿ.’
ಅಷ್ಟೇ. ಆಮೇಲೆ ಆ ಹೆಸರಿಲ್ಲ,
ಬಟಾಣಿಯ ಲೆಕ್ಕ ಮಾತ್ರ ಇದೆ.

ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ, ಬಲಿಪೀಠದ ಹೊದಿಕೆ.
ಎಡದ ಕುರಿಮರಿಯ ಉಣ್ಣೆಯಲ್ಲಿ
ಬೆರಳಗಲಕ್ಕೆ ಇಪ್ಪತ್ತೆರಡು ಹೊಲಿಗೆ ಎಣಿಸಿದೆ.
ನಡುವಿನ ದೇವದೂತನ ರೆಕ್ಕೆಗೆ ಹದಿನೈದು.
ಬಲದ ಸಿಂಹಕ್ಕೆ ಒಂಬತ್ತು,
ಪಾಪ, ಒಂದು ಕಣ್ಣು ಕೆನ್ನೆಗೆ ಜಾರಿದೆ.
ಅದು ಅವಳ ಕೈಯೇ ಎಂದು ಹೇಳುವ ಹಾಗಿಲ್ಲ.
ಪ್ರಬಂಧದಲ್ಲಿ ‘ಇರಬಹುದು’ ಎಂದು ಬರೆದು
ಆ ‘ಬಹುದು’ವಿನ ಮುಂದೆ ತುಂಬ ಹೊತ್ತು ಕೂತೆ.

ಕಳೆದ ಕನ್ನಡಕ ಹುಡುಕಲು ಕನ್ನಡಕ ಬೇಕು,
ಎಲ್ಲ ಮನೆಯಲ್ಲೂ ನಗುವ ಮಾತು ಇದು.
ಇವಳು ಹುಡುಕಬೇಕಿರಲಿಲ್ಲ. ಬಿದ್ದ ಸದ್ದು ಕೇಳಿದ್ದಾಳು.
ಎಲ್ಲಿದೆಯೆಂದು ಗೊತ್ತು:
ತನ್ನದೇ ಪಾದದ ಕೆಳಗೆ, ಒಂದು ಗೇಣು.
ಬಾಯಿಬಿಟ್ಟರೆ ಬೆಣ್ಣೆಯ ಮಾತು ಬರುತ್ತದೆ.
ದಿನಕ್ಕೆ ಏಳು ಸಲ ಅದರ ಮೇಲೆ ನಿಂತು
ಪುಸ್ತಕ ತೆರೆದಿಟ್ಟು
ಕೀರ್ತನೆಯನ್ನು ನೆನಪಿನಿಂದ ಹಾಡಿರಬೇಕು,
ಉಳಿದವರ ಹಾಳೆ ಸರಿದ ಸದ್ದು ಕೇಳಿ
ಅರೆಗಳಿಗೆ ತಡವಾಗಿ
ತನ್ನ ಹಾಳೆ ಮಗುಚಿರಬೇಕು.

‘ಒಂದು ಹಲಗೆ ಎತ್ತಿದ್ದರೆ ಮುಗಿದಿತ್ತು,’ ಎಂದ ಹಿನ್ನರ್ಕ್.
‘ಎರಡೇ ಮೊಳೆ.’
ಅವನ ಕೊರಳಲ್ಲಿ ದಾರಕ್ಕೆ ಜೋತ ಕನ್ನಡಕ,
ಸೂಪರ್ ಮಾರ್ಕೆಟ್ಟಿನ ಗಲ್ಲಾದ ಪಕ್ಕ
ಚ್ಯೂಯಿಂಗ್ ಗಮ್ಮಿನ ಜೊತೆ ನೇತುಹಾಕಿರುತ್ತಾರಲ್ಲ, ಅಂಥದು.
ವರ್ಷಕ್ಕೆ ಮೂರು ಒಡೆಯುತ್ತಾನೆ, ಬೈದುಕೊಳ್ಳುವುದಿಲ್ಲ.
‘ನಮ್ಮಜ್ಜ ಐವತ್ತಕ್ಕೇ ಉಳಿ ಕೆಳಗಿಟ್ಟ.
ಕೈ ಹೋಯಿತು ಅಂದರು ಊರವರು.
ಈಗ ಅನ್ನಿಸುತ್ತೆ, ಕೈ ಹೋಗಿತ್ತಾ?’

ಸಂಜೆ ಅಳತೆ ಬರೆದೆ:
ಮಸೂರದ ಶಕ್ತಿ ಮೂರೂಕಾಲು, ಬಲದ್ದರಲ್ಲಿ ಬಿರುಕು.
ಎಲ್ಲವನ್ನೂ ತಟ್ಟೆಗಳಲ್ಲಿ ಹರವಿ ಚೀಟಿ ಅಂಟಿಸುವಾಗ
ಹಿನ್ನರ್ಕ್ ಬಗ್ಗಿ, ಕನ್ನಡಕ ಏರಿಸಿ, ಕೇಳಿದ:
‘ಈ ಸೂಜಿಗಳು ಯಾಕೆ ಹೀಗೆ?’

ನೂರಾ ಹನ್ನೆರಡರಲ್ಲಿ ಮೂವತ್ತೊಂದು
ಅದೇ ಆಸನದ ಅಡಿಯವು. ತುದಿ ಬಾಗಿದವು.
‘ತುಳಿತಕ್ಕೆ ಬಾಗಿವೆ’ ಎಂದು ಬರೆದುಕೊಂಡಿದ್ದೆ.

ಒಂದನ್ನು ಅಂಗೈಯಲ್ಲಿಟ್ಟು
ದೀಪದ ಕಡೆ ತಿರುಗಿದ.
‘ಗಾಳ,’ ಎಂದ.